ಡ್ಯೂಟಿಯಲ್ಲಿಲ್ಲದಾಗ ಕಾರು ಅಪಘಾತ ಎದುರಾದರೆ: ತರಬೇತಿಯಲ್ಲಿರುವ ಇಎಂಟಿಗಳಿಗೆ ಹಂತ ಹಂತದ ಮಾರ್ಗದರ್ಶಿ

"ಇಎಂಟಿ ಕೋರ್ಸ್ ಮಾಡ್ತಿದ್ದೀನಿ, ಸರ್ಟಿಫಿಕೇಟ್ ಇನ್ನೂ ಕೈಗೆ ಬಂದಿಲ್ಲ. ಊರಿಗೆ ಹೋಗೋ ದಾರೀಲಿ ಆಕ್ಸಿಡೆಂಟ್ ಆಗಿದ್ರೆ ಇಳಿದು ಮುಟ್ಟಬಹುದಾ? ಮುಟ್ಟಿದ ಮೇಲೆ ಏನಾದ್ರೂ ಹೆಚ್ಚುಕಡಿಮೆ ಆದ್ರೆ ಕೇಸು ನನ್ನ ಮೇಲೆ ಬರುತ್ತಾ?" ಇಎಂಟಿ ಎಂದರೆ ಆಂಬುಲೆನ್ಸಿನಲ್ಲಿ ತುರ್ತು ಚಿಕಿತ್ಸೆ ಕೊಡುವ ತಂತ್ರಜ್ಞರು. ಅವರ ತರಬೇತಿಯ ಪ್ರತಿ ಬ್ಯಾಚಿನಲ್ಲೂ ಈ ಪ್ರಶ್ನೆ ಬರುತ್ತದೆ. ಪ್ಯಾರಾಮೆಡಿಕಲ್ ಮತ್ತು ನರ್ಸಿಂಗ್ ವಿದ್ಯಾರ್ಥಿಗಳೂ ಇದನ್ನೇ ಕೇಳುತ್ತಾರೆ.

ಮುಟ್ಟಬಹುದು. ಆದರೆ ಒಂದು ಮಾತು ಮೊದಲೇ ತಿಳಿದಿರಲಿ. ಆಂಬುಲೆನ್ಸಿನಲ್ಲಿ ಕೂತಾಗ ನಿಮ್ಮ ಬೆನ್ನಿಗೆ ಆಮ್ಲಜನಕ, ಬಾಯಿಯ ರಕ್ತ ಕಫ ಎಳೆಯುವ ಸಕ್ಷನ್, ಬೆನ್ನು ಅಲುಗದಂತೆ ಮಲಗಿಸುವ ಸ್ಪೈನ್ ಬೋರ್ಡ್, ಪೈಲಟ್ ಎಂದು ಕರೆಯುವ ಚಾಲಕ, ಫೋನಿನಲ್ಲಿ ಸಲಹೆ ಕೊಡುವ ವೈದ್ಯರು ಎಲ್ಲ ಇರುತ್ತಾರೆ. ರಸ್ತೆ ಬದಿಯಲ್ಲಿ ಇರುವುದು ಎರಡು ಕೈ ಮಾತ್ರ. ಆ ಎರಡು ಕೈಯಿಂದ ಆಗುವ ಕೆಲಸ ನಾಲ್ಕೇ: ಇನ್ನೊಂದು ಗಾಡಿ ಬಂದು ಗುದ್ದದಂತೆ ತಡೆಯುವುದು, ರಕ್ತ ನಿಲ್ಲಿಸುವುದು, ಉಸಿರಿನ ದಾರಿ ತೆರೆದಿಡುವುದು, ಸರಿಯಾದ ಸುದ್ದಿಯನ್ನು ಸರಿಯಾದವರಿಗೆ ಮುಟ್ಟಿಸುವುದು. ತರಬೇತಿಯಲ್ಲಿರುವವರು ಕೆಡುವುದು ಕಡಿಮೆ ಮಾಡಿ ಅಲ್ಲ. ಬಹುಪಾಲು ಅತಿಯಾಗಿ ಮಾಡಲು ಹೋಗಿ.

ಕಾನೂನು ಏನು ಹೇಳುತ್ತದೆ

ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ 134ಎ ಎಂಬ ಕಲಂ ಸೇರಿತು. ಸದುದ್ದೇಶದಿಂದ, ಸ್ವಇಚ್ಛೆಯಿಂದ, ಪ್ರತಿಫಲ ಬಯಸದೆ ಗಾಯಾಳುವಿಗೆ ನೆರವಾದವರನ್ನು ಅದು 'ಗುಡ್ ಸಮಾರಿಟನ್' ಎಂದು ಕರೆಯುತ್ತದೆ. ನೆರವು ಕೊಡುವಾಗ ಆದ ತಪ್ಪಿನಿಂದ ಗಾಯಾಳುವಿಗೆ ತೊಂದರೆಯಾದರೂ ಅಂಥವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಕ್ರಮ ಇಲ್ಲ. ಸುಪ್ರೀಂ ಕೋರ್ಟ್ 2016ರಲ್ಲೇ ಕೇಂದ್ರದ ಮಾರ್ಗಸೂಚಿಗಳಿಗೆ ಕಾನೂನಿನ ಬಲ ಕೊಟ್ಟಿತ್ತು. ಕರ್ನಾಟಕ ಇದೇ ವಿಷಯಕ್ಕೆ 2016ರಲ್ಲಿ ತನ್ನದೇ ಕಾಯ್ದೆ ಮಾಡಿತು. ರಾಷ್ಟ್ರಪತಿಗಳ ಅಂಕಿತ 2018ರಲ್ಲಿ ಬಿತ್ತು.

ಹೆಸರು, ಫೋನ್ ನಂಬರ್ ಕೊಡುವಂತೆ ಪೊಲೀಸರಾಗಲೀ ಆಸ್ಪತ್ರೆಯವರಾಗಲೀ ನಿಮ್ಮನ್ನು ಒತ್ತಾಯಿಸುವಂತಿಲ್ಲ. ಗಾಯಾಳುವನ್ನು ಸೇರಿಸಿದ ತಪ್ಪಿಗೆ ನಿಮ್ಮನ್ನು ಕೂರಿಸಿಕೊಂಡು ಹಣ ಕಟ್ಟಿಸಿಕೊಳ್ಳುವಂತೆಯೂ ಇಲ್ಲ. ಆದರೆ ಈ ರಕ್ಷಣೆ ನಿಂತಿರುವುದು 'ಸದುದ್ದೇಶ' ಎಂಬ ಒಂದು ಪದದ ಮೇಲೆ. "ನಾನು ಡಾಕ್ಟರ್" ಎಂದು ಸುಳ್ಳು ಹೇಳಿ ಸೂಜಿ ಚುಚ್ಚಿದವರಿಗೆ ಆ ಪದ ಎಷ್ಟು ಆಸರೆಯಾದೀತು ಎಂದು ನೀವೇ ಯೋಚಿಸಿ. ಕ್ಲಾಸಿನಲ್ಲಿ ಕಲಿತಿದ್ದರೂ ಐವಿ (ಡ್ರಿಪ್) ಹಾಕುವುದು, ಔಷಧಿ ಕೊಡುವುದು, ಎದೆಗೆ ಸೂಜಿ ಹಾಕಿ ಗಾಳಿ ತೆಗೆಯುವುದು ಇವು ಮೇಲ್ವಿಚಾರಕರಿಲ್ಲದ ರಸ್ತೆಯಲ್ಲಿ ನಿಮ್ಮ ಕೆಲಸವಲ್ಲ. ಪರಿಚಯ ಹೇಳಿಕೊಳ್ಳಲು ಇಷ್ಟು ಸಾಕು: "ನಾನು ಇಎಂಟಿ ಟ್ರೈನಿಂಗ್‌ನಲ್ಲಿದ್ದೀನಿ. ನಿಮಗೆ ಸಹಾಯ ಮಾಡ್ಲಾ?" ಎಚ್ಚರವಿರುವವರು ಬೇಡವೆಂದರೆ ಮುಟ್ಟಬೇಡಿ, ಪಕ್ಕದಲ್ಲೇ ಇದ್ದು ಮಾತಾಡಿಸುತ್ತಿರಿ. ಎಚ್ಚರವಿಲ್ಲದವರ ಒಪ್ಪಿಗೆ ಇದೆಯೆಂದೇ ಲೆಕ್ಕ.

ಗಾಡಿಯಲ್ಲಿ ಇರಬೇಕಾದ್ದು

ದೊಡ್ಡ ಬ್ಯಾಗು ಬೇಡ. ಟಿಫಿನ್ ಡಬ್ಬಿಯಷ್ಟು ಜಾಗದಲ್ಲಿ ಹಿಡಿಸುವಷ್ಟು ಸಾಕು: ನೈಟ್ರೈಲ್ ಕೈಗವಸು 4 ಜೊತೆ, ದಪ್ಪ ಬಟ್ಟೆ ಮತ್ತು ಸೀಟ್ ಬೆಲ್ಟ್ ಕತ್ತರಿಸುವ ಟ್ರಾಮಾ ಕತ್ತರಿ, ರೋಲರ್ ಗಾಜ್ (ಗಾಯಕ್ಕೆ ಸುತ್ತುವ ತೆಳು ಬಟ್ಟೆ) 4 ಸುತ್ತು, ತ್ರಿಕೋನ ಬ್ಯಾಂಡೇಜು 3, ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ, ಕಾರ್ಖಾನೆಯಲ್ಲಿ ತಯಾರಾದ ಟೂರ್ನಿಕೆ ಪಟ್ಟಿ 1, ಬಾಯಿಗೆ ಬಾಯಿ ತಾಗದಂತೆ ಉಸಿರು ಕೊಡುವ ಪಾಕೆಟ್ ಮಾಸ್ಕ್ 1, ತಲೆಗೆ ಕಟ್ಟುವ ಟಾರ್ಚು, ಅಳಿಸದ ಮಾರ್ಕರ್ ಪೆನ್ನು, ಫಾಯಿಲ್ ಹೊದಿಕೆ. ಜೊತೆಗೆ ಹೊಳೆಯುವ ಜಾಕೆಟ್. ರಾತ್ರಿ ಹೆದ್ದಾರಿಯಲ್ಲಿ ಕಪ್ಪು ಟೀ ಶರ್ಟ್ ಹಾಕಿಕೊಂಡು ಬಗ್ಗಿ ಕೂತವರು ಲಾರಿಯವರ ಕಣ್ಣಿಗೆ ಬೀಳುವುದಿಲ್ಲ. ಈ ಪಟ್ಟಿಯಲ್ಲಿ ಒಂದೇ ಒಂದನ್ನು ಕೊಳ್ಳಲು ಕಾಸಿದೆಯೆಂದರೆ ಮೊದಲು ಜಾಕೆಟ್ ಕೊಳ್ಳಿ.

1. ನಿಲ್ಲಿಸುವುದು, ರಸ್ತೆ ಕಾಯುವುದು

ಗಂಟೆಗೆ 80 ಕಿಲೋಮೀಟರ್ ವೇಗದ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಅಪಘಾತದ ಜಾಗದಿಂದ 20 ಮೀಟರ್ ಹಿಂದೆ ಗಾಡಿಯ ಎಚ್ಚರಿಕೆ ತ್ರಿಕೋನ ಇಟ್ಟರೆ ಬರುವವನಿಗೆ ಸಿಗುವುದು ಒಂದು ಸೆಕೆಂಡು. 100 ಮೀಟರ್ ಹಿಂದೆ ಇಟ್ಟರೆ ನಾಲ್ಕೂವರೆ ಸೆಕೆಂಡು. ಆದ್ದರಿಂದ ಹೆದ್ದಾರಿಯಲ್ಲಿ ಕನಿಷ್ಠ 100 ಮೀಟರ್, ಅಂದರೆ ಸುಮಾರು 130 ದೊಡ್ಡ ಹೆಜ್ಜೆ. ಊರೊಳಗಿನ ರಸ್ತೆಯಾದರೆ 50 ಮೀಟರ್ ಸಾಕು. ತಿರುವಿನ ಆಚೆ ಅಪಘಾತವಾಗಿದ್ದರೆ ತ್ರಿಕೋನ ತಿರುವಿಗೆ ಮುಂಚೆಯೇ ಇರಬೇಕು. ಶಿರಾಡಿ, ಚಾರ್ಮಾಡಿಯಂಥ ಘಾಟಿಗಳಲ್ಲಿ ಎರಡೂ ಕಡೆಗೆ ಒಬ್ಬೊಬ್ಬರನ್ನು ಟಾರ್ಚ್ ಕೊಟ್ಟು ನಿಲ್ಲಿಸಿ.

ನಿಮ್ಮ ಗಾಡಿಯನ್ನು ಅಪಘಾತದ ಜಾಗ ದಾಟಿ ಎಡಗಡೆ ಮಣ್ಣಿನ ಬದಿಗೆ ಇಳಿಸಿ ನಿಲ್ಲಿಸಿ, ನಾಲ್ಕೂ ಇಂಡಿಕೇಟರ್ ಹಾಕಿ. ಆಂಬುಲೆನ್ಸ್ ಬಂದು ನಿಲ್ಲುವ ಜಾಗಕ್ಕೆ ಅಡ್ಡವಾಗಬಾರದು. ಬೈಕಿನವರು ಬೈಕನ್ನು ರಸ್ತೆಯ ಮೇಲೆ ಸ್ಟ್ಯಾಂಡ್ ಹಾಕಿ ಓಡುವುದು ಸಾಮಾನ್ಯ ತಪ್ಪು.

ತ್ರಿಕೋನ ಇಲ್ಲದಿದ್ದರೆ ನಮ್ಮ ಜನ ಕಲ್ಲು, ಮರದ ಕೊಂಬೆ ಇಡುತ್ತಾರೆ. ಇಡಲಿ. ಆದರೆ ಹೋಗುವಾಗ ತೆಗೆಯುವುದು ಯಾರಿಗೂ ನೆನಪಿರುವುದಿಲ್ಲ. ರಾತ್ರಿ ಅದೇ ಕಲ್ಲಿಗೆ ಇನ್ನೊಬ್ಬ ಬೈಕಿನವನು ಬೀಳುತ್ತಾನೆ. ಇಟ್ಟವರಿಗೇ ತೆಗೆಯುವ ಜವಾಬ್ದಾರಿ ವಹಿಸಿ.

2. ಗಾಡಿಯನ್ನು ನೋಡಿ, ಆಮೇಲೆ ಜನರನ್ನು

ಕಾರಿನ ಸುತ್ತ ಒಂದು ಸುತ್ತು ಬನ್ನಿ. ಅದಕ್ಕೆ ಹಿಡಿಯುವುದು ಇಪ್ಪತ್ತು ಸೆಕೆಂಡು.

ಮೇಲೆ ನೋಡಿ: ಗುದ್ದಿದ್ದು ವಿದ್ಯುತ್ ಕಂಬಕ್ಕಾದರೆ ತಂತಿ ಹರಿದಿದೆಯೇ? ಕಾರಿನ ಮೇಲೆ ತಂತಿ ಬಿದ್ದಿದ್ದರೆ 10 ಮೀಟರ್ ದೂರದಲ್ಲೇ ನಿಲ್ಲಿ, ಒಳಗಿರುವವರಿಗೆ ಇಳಿಯಬೇಡಿ ಎಂದು ಕೂಗಿ ಹೇಳಿ, 1912ಕ್ಕೆ ಫೋನ್ ಮಾಡಿಸಿ ಲೈನ್ ತೆಗೆಸಿ. ಕೋಲಿನಿಂದ ತಂತಿ ಸರಿಸುವ ಸಾಹಸ ಬೇಡ.

ಕೆಳಗೆ ನೋಡಿ: ಸೋರುತ್ತಿರುವುದು ಏನು? ಹಸಿರು ಅಥವಾ ಗುಲಾಬಿ ಬಣ್ಣದ ನೀರು ಎಂದರೆ ರೇಡಿಯೇಟರಿನ ಕೂಲಂಟ್, ಅದಕ್ಕೆ ಹೆದರಬೇಕಿಲ್ಲ. ಪೆಟ್ರೋಲ್ ವಾಸನೆ ಬಂದರೆ, ಅಥವಾ ಸಿಎನ್‌ಜಿ ಸ್ಟಿಕ್ಕರ್ ಇರುವ ಕಾರಿನಿಂದ 'ಸುಯ್' ಎಂಬ ಸದ್ದು ಬಂದರೆ ಸುತ್ತ ಬೀಡಿ ಸಿಗರೇಟು ಆರಿಸಿ, ಜನರನ್ನು ಹಿಂದೆ ಸರಿಸಿ. ಹಸಿರು ನಂಬರ್ ಪ್ಲೇಟ್ ಇದ್ದರೆ ಅದು ಎಲೆಕ್ಟ್ರಿಕ್ ಗಾಡಿ. ಸದ್ದಿಲ್ಲವೆಂದ ಮಾತ್ರಕ್ಕೆ ಆಫ್ ಆಗಿದೆ ಎಂದಲ್ಲ. ಕಿತ್ತಳೆ ಬಣ್ಣದ ವೈರು ಕಂಡರೆ ಮುಟ್ಟಲೇಬೇಡಿ, ಅದರಲ್ಲಿ ಹರಿಯುವುದು ಹೈ ವೋಲ್ಟೇಜು.

ಏರ್‌ಬ್ಯಾಗ್ ಬಿಚ್ಚಿದಾಗ ಒಳಗೆ ಬಿಳಿ ಪುಡಿ ಹೊಗೆಯಂತೆ ತುಂಬುತ್ತದೆ. ಅದನ್ನೇ ಬೆಂಕಿ ಎಂದುಕೊಂಡು "ಎಳೀರಿ ಎಳೀರಿ" ಎಂದು ಗಾಯಾಳುವಿನ ತೋಳು ಹಿಡಿದು ಎಳೆಯುವುದು ನಡೆಯುತ್ತಲೇ ಇರುತ್ತದೆ. ಪುಡಿ ಒಂದೆರಡು ನಿಮಿಷದಲ್ಲಿ ಇಳಿಯುತ್ತದೆ. ಹೊಗೆಯಾದರೆ ಹೆಚ್ಚುತ್ತಾ ಹೋಗುತ್ತದೆ, ಜೊತೆಗೆ ಸುಟ್ಟ ವಾಸನೆಯೂ ಇರುತ್ತದೆ. ಬಿಚ್ಚದೆ ಉಳಿದ ಏರ್‌ಬ್ಯಾಗ್ ಇನ್ನೂ ಅಪಾಯ, ಯಾವಾಗ ಬೇಕಾದರೂ ಹೊಡೆಯಬಹುದು. ಸ್ಟಿಯರಿಂಗ್ ಮತ್ತು ಡ್ಯಾಶ್‌ಬೋರ್ಡಿನ ಎದುರು ನಿಮ್ಮ ತಲೆ ಚಾಚಬೇಡಿ. ಸ್ಟಿಯರಿಂಗಿನಿಂದ ಕನಿಷ್ಠ ಒಂದಡಿ, ಪಕ್ಕದ ಸೀಟಿನ ಡ್ಯಾಶ್‌ಬೋರ್ಡಿನಿಂದ ಎರಡಡಿ ದೂರ ಇಟ್ಟುಕೊಳ್ಳಿ.

ಕೆಲಸದ ಕ್ರಮ ಹೀಗಿರಲಿ: ಚಕ್ರಕ್ಕೆ ಕಲ್ಲು ಕೊಡಿಸಿ, ಹ್ಯಾಂಡ್ ಬ್ರೇಕ್ ಎಳೆಯಿರಿ, ಆಟೊಮ್ಯಾಟಿಕ್ ಆದರೆ ಗೇರನ್ನು ಪಾರ್ಕಿಗೆ ಹಾಕಿ, ಪವರ್ ಕಿಟಕಿ ಕೆಲಸ ಮಾಡುತ್ತಿದ್ದರೆ ಎಲ್ಲವನ್ನೂ ಇಳಿಸಿ, ಬಾಗಿಲುಗಳ ಲಾಕ್ ತೆಗೆಯಿರಿ, ಕೊನೆಗೆ ಎಂಜಿನ್ ಆಫ್ ಮಾಡಿ. ಮೊದಲೇ ಆಫ್ ಮಾಡಿದರೆ ಕಿಟಕಿ ಮುಚ್ಚಿದಂತೆಯೇ ಉಳಿಯುತ್ತದೆ, ಗಾಜು ಒಡೆಯಬೇಕಾಗುತ್ತದೆ. ಬಟನ್ ಸ್ಟಾರ್ಟ್ ಕಾರಿನ ಕೀಯನ್ನು ಐದಾರು ಮೀಟರ್ ದೂರ ಇಡಿ, ಯಾರ ಕೈಯಲ್ಲಿದೆ ಎಂದು ನೆನಪಿಟ್ಟುಕೊಳ್ಳಿ.

3. ಎಣಿಸಿ, ಫೋನ್ ಮಾಡಿಸಿ

ಫೋನ್ ಮಾಡುವ ಮುನ್ನ ತಲೆ ಎಣಿಸಿ. ಸೀಟಿನಲ್ಲಿರುವವರಷ್ಟೇ ಲೆಕ್ಕವಲ್ಲ. ಸೀಟಿನ ಕೆಳಗೆ ಜಾರಿದ ಮಗು, ಹೊರಗೆ ಚರಂಡಿಗೋ ಬೇಲಿಯಾಚೆಗೋ ಎಸೆಯಲ್ಪಟ್ಟವರು ಕತ್ತಲಲ್ಲಿ ಕಾಣುವುದಿಲ್ಲ. ಮಗುವಿನ ಚಪ್ಪಲಿ, ಹಾಲಿನ ಬಾಟಲು, ಶಾಲೆ ಬ್ಯಾಗು ಇವು ಸುಳಿವು. ಎಚ್ಚರವಿರುವವರನ್ನು "ಗಾಡೀಲಿ ಎಷ್ಟು ಜನ ಇದ್ರಿ?" ಎಂದು ಕೇಳಿ.

ಗುಂಪಿನತ್ತ ತಿರುಗಿ "ಯಾರಾದ್ರೂ ಆಂಬುಲೆನ್ಸಿಗೆ ಫೋನ್ ಮಾಡ್ರಪ್ಪಾ" ಎಂದರೆ ಯಾರೂ ಮಾಡುವುದಿಲ್ಲ, ಇಲ್ಲವೇ ಹತ್ತು ಜನ ಮಾಡುತ್ತಾರೆ. ಒಬ್ಬರನ್ನು ಬೆರಳು ತೋರಿಸಿ ಕರೆಯಿರಿ: "ಅಣ್ಣಾ, ನೀಲಿ ಅಂಗಿಯವರೇ, ನೀವು 108ಕ್ಕೆ ಮಾಡಿ, ಸ್ಪೀಕರ್ ಹಾಕಿ ನನ್ನ ಹತ್ರ ಹಿಡ್ಕೊಳ್ಳಿ." ಇನ್ನೊಬ್ಬರಿಗೆ 112 ವಹಿಸಿ; ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ ಅದೇ ನಂಬರ್. ರಾಷ್ಟ್ರೀಯ ಹೆದ್ದಾರಿಯಾದರೆ 1033 ಕೂಡ ಮಾಡಿಸಿ, ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ ಅದು. ಘಾಟಿಯಲ್ಲಿ ಸಿಗ್ನಲ್ ಸಿಗದೆ ಫೋನು 'ಎಮರ್ಜೆನ್ಸಿ ಕಾಲ್ಸ್' ಎಂದಷ್ಟೇ ತೋರಿಸುತ್ತಿದ್ದರೂ 112 ಒತ್ತಿ ನೋಡಿ. ಅದೂ ಆಗದಿದ್ದರೆ ಹಾದು ಹೋಗುವ ಬಸ್ಸಿನ ಕಂಡಕ್ಟರ್ ಕೈಗೆ ಚೀಟಿ ಬರೆದು ಕೊಡಿ. ಬಾಯಲ್ಲಿ ಹೇಳಿದ ಜಾಗದ ಹೆಸರು ಮುಂದಿನ ಊರು ಮುಟ್ಟುವಷ್ಟರಲ್ಲಿ ಬದಲಾಗಿರುತ್ತದೆ.

ಹೇಳಬೇಕಾದ್ದು ಇಷ್ಟು: ರಸ್ತೆ, ಯಾವ ದಿಕ್ಕಿಗೆ ಹೋಗುವ ಬದಿ, ಹತ್ತಿರದ ಕಿಲೋಮೀಟರ್ ಕಲ್ಲಿನ ಅಂಕಿ, ಎಷ್ಟು ಜನ, ಯಾರಾದರೂ ಸಿಕ್ಕಿಕೊಂಡಿದ್ದಾರೆಯೇ, ಬೆಂಕಿ ಅಥವಾ ಗ್ಯಾಸ್ ಇದೆಯೇ. ಮಧ್ಯೆ ಡಿವೈಡರ್ ಇರುವ ರಸ್ತೆಯಲ್ಲಿ ದಿಕ್ಕು ಹೇಳದಿದ್ದರೆ ಆಂಬುಲೆನ್ಸ್ ಆಚೆ ಬದಿಯಲ್ಲಿ ಬಂದು, ಮುಂದಿನ ತಿರುವಿನವರೆಗೆ ಹೋಗಿ ಸುತ್ತಿಕೊಂಡು ಬರಬೇಕಾಗುತ್ತದೆ. "ತುಮಕೂರಿನಿಂದ ಶಿರಾ ಕಡೆಗೆ ಹೋಗುವ ಬದಿ" ಎನ್ನುವ ಐದು ಪದ ಹತ್ತು ನಿಮಿಷ ಉಳಿಸುತ್ತದೆ. ಹಳದಿ ತಲೆಯ ಕಲ್ಲು ರಾಷ್ಟ್ರೀಯ ಹೆದ್ದಾರಿಯದು, ಹಸಿರು ತಲೆಯದು ರಾಜ್ಯ ಹೆದ್ದಾರಿಯದು.

4. ಯಾರ ಬಳಿ ಮೊದಲು

ಒಬ್ಬರಿಗಿಂತ ಹೆಚ್ಚು ಗಾಯಾಳುಗಳಿದ್ದರೆ ಟ್ರಯಾಜ್ ಮಾಡಬೇಕು. ಯಾರಿಗೆ ಮೊದಲು ನೆರವು ಸಿಗಬೇಕು ಎಂದು ವಿಂಗಡಿಸುವುದಕ್ಕೆ ಹಾಗೆನ್ನುತ್ತಾರೆ. ಕ್ಲಾಸಿನಲ್ಲಿ ಕಲಿತ ಸ್ಟಾರ್ಟ್ ವಿಧಾನವೇ ಇಲ್ಲೂ ನಡೆಯುತ್ತದೆ, ಒಬ್ಬರಿಗೆ ಅರ್ಧ ನಿಮಿಷ ಮೀರಬಾರದು. ಕೆಂಪು ಎಂದರೆ ತಕ್ಷಣ, ಹಳದಿ ಎಂದರೆ ಆಮೇಲೆ, ಹಸಿರು ಎಂದರೆ ಕೊನೆಗೆ, ಕಪ್ಪು ಎಂದರೆ ಉಳಿಯುವ ನಿರೀಕ್ಷೆ ಇಲ್ಲದವರು.

ನಡೆಯಬಲ್ಲವರನ್ನು "ಆ ಮರದ ಹತ್ರ ಹೋಗಿ ಕೂತ್ಕೊಳ್ಳಿ" ಎಂದು ಕಳಿಸಿ. ಅವರು ಹಸಿರು. ಉಳಿದವರಲ್ಲಿ ಉಸಿರಿಲ್ಲದವರ ದವಡೆ ಎತ್ತಿ ಉಸಿರಿನ ದಾರಿ ತೆರೆಯಿರಿ. ಉಸಿರು ಬಂದರೆ ಕೆಂಪು, ಬಾರದಿದ್ದರೆ ಕಪ್ಪು. ನಿಮಿಷಕ್ಕೆ 30ಕ್ಕಿಂತ ಹೆಚ್ಚು ಉಸಿರಾಡುತ್ತಿರುವವರು ಕೆಂಪು. ಮಣಿಕಟ್ಟಿನ ನಾಡಿ ಸಿಗದವರು, ಅಥವಾ ಉಗುರನ್ನು ಒತ್ತಿ ಬಿಟ್ಟಾಗ 2 ಸೆಕೆಂಡಿನೊಳಗೆ ಕೆಂಪೇರದವರು ಕೆಂಪು. "ನನ್ನ ಬೆರಳು ಒತ್ತಿ" ಎಂದರೆ ಒತ್ತಲಾಗದವರೂ ಕೆಂಪು. ಉಳಿದವರು ಹಳದಿ.

ಕೂಗುತ್ತಿರುವವರ ಬಳಿಗೇ ಕಾಲು ಓಡುವುದು ಸಹಜ. ಕೂಗುತ್ತಿದ್ದಾರೆ ಎಂದರೆ ಉಸಿರಿದೆ, ಮಿದುಳಿಗೆ ರಕ್ತ ಹೋಗುತ್ತಿದೆ. ಮೂಲೆಯಲ್ಲಿ ಸುಮ್ಮನೆ ಒರಗಿದವರ ಬಳಿ ಮೊದಲು ಹೋಗಿ. ಇನ್ನೊಂದು ಮಾತು: ಕಪ್ಪು ಎಂದು ನೀವು ಬಿಟ್ಟ ವ್ಯಕ್ತಿಯನ್ನು "ಸತ್ತಿದ್ದಾರೆ" ಎಂದು ಬಾಯಿಬಿಟ್ಟು ಹೇಳಬೇಡಿ. ಸಾವನ್ನು ಘೋಷಿಸುವುದು ವೈದ್ಯರ ಕೆಲಸ. ನಿಮ್ಮ ಒಂದು ಮಾತಿಗೆ ಗುಂಪು ಇನ್ನೊಂದು ಗಾಡಿಯ ಡ್ರೈವರ್ ಮೇಲೆ ಬೀಳಬಹುದು. ಯಾರ ತಪ್ಪು ಎಂಬ ಚರ್ಚೆಗೂ ಅದೇ ಕಾರಣಕ್ಕೆ ಬಾಯಿ ಹಾಕಬೇಡಿ.

5. ರಕ್ತ

ವಯಸ್ಕರ ಮೈಯಲ್ಲಿ ಇರುವುದೇ ಸುಮಾರು 5 ಲೀಟರ್ ರಕ್ತ. ತೊಡೆಯ ದೊಡ್ಡ ರಕ್ತನಾಳ ಹರಿದರೆ ಕೆಲವೇ ನಿಮಿಷದಲ್ಲಿ ಪ್ರಾಣ ಹೋಗುತ್ತದೆ. ಆದ್ದರಿಂದ ಚಿಮ್ಮುವ ಅಥವಾ ಧಾರೆಯಾಗಿ ಹರಿಯುವ ರಕ್ತ ಕಂಡರೆ ಉಸಿರಿನ ದಾರಿಗಿಂತಲೂ ಮೊದಲು ಅದನ್ನೇ ನಿಲ್ಲಿಸಿ.

ಕೈಗವಸು ಹಾಕಿ, ಇಲ್ಲದಿದ್ದರೆ ಎರಡು ಪ್ಲಾಸ್ಟಿಕ್ ಕವರ್ ಕೈಗೆ ತೊಟ್ಟುಕೊಳ್ಳಿ. ಬಟ್ಟೆ ಕತ್ತರಿಸಿ ಗಾಯ ಎಲ್ಲಿದೆ ಎಂದು ಕಣ್ಣಾರೆ ನೋಡಿ. ಪ್ಯಾಂಟಿನ ಮೇಲಿಂದ ಒತ್ತಿದರೆ ರಕ್ತ ಒಳಗೊಳಗೇ ಹರಿಯುತ್ತಿರುತ್ತದೆ. ಗಾಜ್ ಅಥವಾ ಶುದ್ಧ ಬಟ್ಟೆ ಇಟ್ಟು ಅಂಗೈಯಿಂದ, ಮೊಣಕೈ ನೇರ ಮಾಡಿ, ನಿಮ್ಮ ಮೈಭಾರ ಹಾಕಿ ಒತ್ತಿ. ಕಡಿಮೆಯೆಂದರೆ 10 ನಿಮಿಷ. ನಿಂತಿತೇ ಎಂದು ನಿಮಿಷಕ್ಕೊಮ್ಮೆ ಎತ್ತಿ ನೋಡಿದರೆ ಆಗಷ್ಟೇ ಕಟ್ಟಿದ ಹೆಪ್ಪು ಕಿತ್ತು ಬರುತ್ತದೆ. ಬಟ್ಟೆ ತೊಯ್ದರೆ ಮೇಲೆ ಇನ್ನೊಂದು ಇಡಿ. ಅದಕ್ಕೂ ನಿಲ್ಲದಿದ್ದರೆ ನೀವು ಒತ್ತುತ್ತಿರುವ ಜಾಗ ತಪ್ಪಿದೆ ಎಂದರ್ಥ. ಆಗ ಮಾತ್ರ ತೆಗೆದು, ಸೋರುವ ಬಿಂದು ಹುಡುಕಿ ಮತ್ತೆ ಒತ್ತಿ.

ಕೈ ಅಥವಾ ಕಾಲಿನ ಗಾಯ ಒತ್ತಿದರೂ ನಿಲ್ಲದಿದ್ದರೆ, ಅಂಗವೇ ತುಂಡಾಗಿದ್ದರೆ, ಅಥವಾ ಗಾಯಾಳುಗಳು ಹೆಚ್ಚಿದ್ದು ಒಬ್ಬರನ್ನೇ ಒತ್ತಿಕೊಂಡು ಕೂರಲು ಆಗದಿದ್ದರೆ ಟೂರ್ನಿಕೆ ಹಾಕಿ. ಟೂರ್ನಿಕೆ ಎಂದರೆ ರಕ್ತ ಹರಿಯುವುದನ್ನೇ ಪೂರ್ತಿ ನಿಲ್ಲಿಸುವಂತೆ ಬಿಗಿಯುವ ಪಟ್ಟಿ. ಗಾಯದಿಂದ 5ರಿಂದ 7 ಸೆಂಟಿಮೀಟರ್ ಮೇಲೆ, ಮಂಡಿ ಮೊಣಕೈ ಕೀಲು ಬಿಟ್ಟು ಕಟ್ಟಬೇಕು. ರಕ್ತ ನಿಲ್ಲುವವರೆಗೂ ತಿರುಗಣೆ ತಿರುಗಿಸಿ. ಗಾಯಾಳು ನೋವಿಗೆ ಕಿರುಚುತ್ತಾರೆ. ಹಲವರು ಕನಿಕರಪಟ್ಟು ಅರ್ಧ ಬಿಗಿದು ನಿಲ್ಲಿಸಿಬಿಡುವ ತಪ್ಪು ಇಲ್ಲೇ ಆಗುತ್ತದೆ. ಅರ್ಧ ಬಿಗಿದರೆ ಹಿಂದಕ್ಕೆ ಹೋಗುವ ರಕ್ತನಾಳ ಮಾತ್ರ ಮುಚ್ಚಿ, ಒಳಬರುವುದು ತೆರೆದೇ ಇರುತ್ತದೆ. ರಕ್ತಸ್ರಾವ ಮೊದಲಿಗಿಂತ ಹೆಚ್ಚಾಗುತ್ತದೆ. ಸೊಂಟದ ಬೆಲ್ಟ್ ಬಿಗಿದರೆ ಬಹುಪಾಲು ಆಗುವುದೂ ಇದೇ. ಪಟ್ಟಿ ಇಲ್ಲದಿದ್ದರೆ ದುಪಟ್ಟಾವನ್ನೋ ಟವಲನ್ನೋ ನಾಲ್ಕೈದು ಸೆಂಟಿಮೀಟರ್ ಅಗಲಕ್ಕೆ ಮಡಚಿ ಕಟ್ಟಿ, ಗಂಟಿನೊಳಗೆ ಗಟ್ಟಿ ಕೋಲು ಅಥವಾ ಸ್ಪ್ಯಾನರ್ ಸೇರಿಸಿ ತಿರುಚಿ, ಬಿಚ್ಚಿಕೊಳ್ಳದಂತೆ ಕೋಲಿನ ತುದಿ ಕಟ್ಟಿ. ವೈರು, ಸಣ್ಣ ಹಗ್ಗ ಬೇಡ; ಚರ್ಮ ಕೊಯ್ಯುತ್ತದೆ. ಕಟ್ಟಿದ ಹೊತ್ತನ್ನು ಪಟ್ಟಿಯ ಮೇಲೋ ಹಣೆಯ ಮೇಲೋ ಮಾರ್ಕರಿನಲ್ಲಿ ಬರೆಯಿರಿ. ಆಸ್ಪತ್ರೆ ಸೇರುವವರೆಗೆ ಸಡಿಲಿಸಬೇಡಿ. "ಆಗಾಗ ಬಿಚ್ಚಿ ಕಟ್ಟಬೇಕು" ಎನ್ನುವುದು ಹಳೆಯ ಪಾಠ.

ತೊಡೆಸಂದು, ಕಂಕುಳು, ಕುತ್ತಿಗೆಯ ಬುಡಕ್ಕೆ ಟೂರ್ನಿಕೆ ಕೂರುವುದಿಲ್ಲ. ಅಲ್ಲಿ ಗಾಜ್ ಬಟ್ಟೆಯನ್ನು ಬೆರಳಿನಿಂದ ಗಾಯದ ಆಳಕ್ಕೆ ತುಂಬುತ್ತಾ ಹೋಗಿ, ತುಂಬಿದ ಮೇಲೆ ಒತ್ತಿ ಹಿಡಿಯಿರಿ. ಆಂಬುಲೆನ್ಸ್ ಬರುವವರೆಗೆ ಕೈ ತೆಗೆಯಬೇಡಿ. ಎದೆ ಮತ್ತು ಹೊಟ್ಟೆಯ ಗಾಯಕ್ಕೆ ಹೀಗೆ ತುಂಬುವಂತಿಲ್ಲ. ಎದೆಯ ತೂತಿನಿಂದ ಗಾಳಿ ಎಳೆಯುವ ಸದ್ದು ಬರುತ್ತಿದ್ದರೆ ಅದನ್ನು ತೆರೆದೇ ಬಿಡಿ. ಪ್ಲಾಸ್ಟಿಕ್ ಅಂಟಿಸಿ ಪೂರ್ತಿ ಮುಚ್ಚಿದರೆ ಒಳಗೆ ಗಾಳಿ ಕಟ್ಟಿಕೊಂಡು ಶ್ವಾಸಕೋಶವನ್ನೂ ಹೃದಯವನ್ನೂ ಒತ್ತುತ್ತದೆ. ಕರುಳು ಹೊರಬಂದಿದ್ದರೆ ಒಳಗೆ ತಳ್ಳಬೇಡಿ, ಒದ್ದೆ ಮಾಡಿದ ಶುದ್ಧ ಬಟ್ಟೆ ಮುಚ್ಚಿ. ಚುಚ್ಚಿಕೊಂಡ ಕಂಬಿ, ಗಾಜು ಕೀಳಬೇಡಿ. ಅಲುಗದಂತೆ ಸುತ್ತ ಬಟ್ಟೆ ಸುರುಳಿ ಇಟ್ಟು ಕಟ್ಟಿ. ಕಿವಿ ಮೂಗಿನಿಂದ ತಿಳಿನೀರು ಸೋರಿದರೆ ಹತ್ತಿ ತುರುಕಬೇಡಿ.

ಅರಿಸಿನ, ಕಾಫಿಪುಡಿ ತರುವವರು ಎಲ್ಲ ಊರಲ್ಲೂ ಇರುತ್ತಾರೆ. ಬೈಯ್ಯಬೇಡಿ, ಬೇರೆ ಕೆಲಸ ಕೊಡಿ: "ಅಜ್ಜಿ, ಒಂದು ಕಂಬಳಿ ತಂದ್ಕೊಡ್ತೀರಾ?" ಕಂಬಳಿ ನಿಜಕ್ಕೂ ಬೇಕಾಗುತ್ತದೆ.

6. ಉಸಿರು ಮತ್ತು ಕತ್ತು

ಕಾರಿನೊಳಗೆ ಎಚ್ಚರ ತಪ್ಪಿದವರ ತಲೆ ಎದೆಯ ಮೇಲೆ ಬಾಗಿರುತ್ತದೆ. ಆ ಭಂಗಿಯಲ್ಲಿ ನಾಲಗೆ ಹಿಂದೆ ಬಿದ್ದು ಉಸಿರುಗಟ್ಟುತ್ತದೆ. ಬದುಕಬಹುದಾದ ಎಷ್ಟೋ ಜನ ಸೀಟಿನಲ್ಲಿ ಕೂತಲ್ಲೇ ಸಾಯುವುದು ಹೀಗೆ, ಸುತ್ತ ನಿಂತವರು "ಕತ್ತು ಮುಟ್ಟಬೇಡಿ" ಎನ್ನುತ್ತಿರುವಾಗಲೇ. ಹಿಂದಿನ ಸೀಟಿಗೆ ಹೋಗಿ, ಎರಡೂ ಅಂಗೈಯನ್ನು ಕಿವಿಗಳ ಮೇಲೆ ಬರುವಂತೆ ಇಟ್ಟು, ತಲೆಯನ್ನು ಮೆಲ್ಲಗೆ ನೇರಕ್ಕೆ ತಂದು ಹಿಡಿದುಕೊಳ್ಳಿ. ತರುವಾಗ ತಡೆ ಸಿಕ್ಕರೆ ಅಥವಾ ನೋವು ಹೆಚ್ಚಿದರೆ ಅಲ್ಲಿಗೇ ನಿಲ್ಲಿಸಿ, ಆ ಭಂಗಿಯಲ್ಲೇ ಹಿಡಿಯಿರಿ. ಗೊರಗೊರ ಸದ್ದಿದ್ದರೆ ಬೆರಳುಗಳಿಂದ ದವಡೆಯ ಮೂಲೆಯನ್ನು ಮುಂದಕ್ಕೆ ದೂಡಿ. ಇದನ್ನೇ ಜಾ ಥ್ರಸ್ಟ್ ಎನ್ನುವುದು. ಬಾಯಲ್ಲಿ ಕಾಣುವ ಹಲ್ಲು, ಎಲೆ ಅಡಿಕೆ, ರಕ್ತದ ಗಟ್ಟಿ ಇದ್ದರೆ ತೆಗೆಯಿರಿ, ಕಾಣದ್ದನ್ನು ತಡಕಬೇಡಿ.

ಎಚ್ಚರವಿರುವವರನ್ನು ಎದುರಿನಿಂದ ಮಾತಾಡಿಸಿ. ಪಕ್ಕದಿಂದ ಕರೆದರೆ ಕತ್ತು ತಿರುಗಿಸುತ್ತಾರೆ.

ಬೈಕಿನವರಿಗೂ ಗುದ್ದಿದ್ದರೆ ಹೆಲ್ಮೆಟ್ಟಿನ ಪ್ರಶ್ನೆ ಬರುತ್ತದೆ. ಉಸಿರು ಸರಾಗವಾಗಿದ್ದರೆ ಗಾಜು ಮೇಲೆತ್ತಿ ಹಾಗೇ ಬಿಡಿ. ಉಸಿರಿಗೆ ತೊಂದರೆ ಇದ್ದರೆ ಇಬ್ಬರು ಸೇರಿ ತೆಗೆಯಬೇಕು: ಒಬ್ಬರು ಕೆಳಗಿನಿಂದ ದವಡೆ ಮತ್ತು ಕತ್ತಿನ ಹಿಂಭಾಗ ಹಿಡಿಯುವುದು, ಇನ್ನೊಬ್ಬರು ಪಟ್ಟಿ ಕತ್ತರಿಸಿ, ಬದಿಗಳನ್ನು ಅಗಲಿಸಿ, ಮೆಲ್ಲಗೆ ಎಳೆಯುವುದು.

7. ಹೊರಗೆ ತೆಗೆಯಬೇಕೇ?

ಬೆಂಕಿ, ಏರುತ್ತಿರುವ ನೀರು, ಇನ್ನೊಂದು ಗಾಡಿ ಬಂದು ಗುದ್ದುವ ಭಯ ಇದ್ದರೆ, ಉಸಿರೇ ಇಲ್ಲದಿದ್ದರೆ, ಕೂತ ಭಂಗಿಯಲ್ಲಿ ಉಸಿರಿನ ದಾರಿ ಉಳಿಸಿಕೊಳ್ಳಲು ಆಗದಿದ್ದರೆ, ಇವರನ್ನು ದಾಟದೆ ಇನ್ನೂ ಗಂಭೀರ ಗಾಯಾಳುವನ್ನು ಮುಟ್ಟಲಾಗದಿದ್ದರೆ ತೆಗೆಯಿರಿ. ಇವು ಬಿಟ್ಟು ಬೇರೆ ಕಾರಣಕ್ಕೆ ತೆಗೆಯಬೇಡಿ. ಪೂರ್ತಿ ಎಚ್ಚರವಿದ್ದು, ಕೈಕಾಲು ಆಡಿಸುತ್ತಿದ್ದು, ತಾವೇ ಇಳಿಯುತ್ತೇನೆ ಎನ್ನುವವರನ್ನು ಮೂರು ಜನ ಹಿಡಿದು ಎಳೆಯುವುದಕ್ಕಿಂತ ಅವರೇ ನಿಧಾನ ಇಳಿಯುವುದು ಬೆನ್ನುಮೂಳೆಗೆ ಒಳ್ಳೆಯದು.

ತೆಗೆಯಲೇಬೇಕಾದಾಗ ಮೊದಲು ಕಾಲು ನೋಡಿ. ಪೆಡಲಿನ ಕೆಳಗೆ ಪಾದ ಸಿಕ್ಕಿದ್ದು ಗೊತ್ತಿಲ್ಲದೆ ಎಳೆದು ಕಣಕಾಲು ಮುರಿಯುತ್ತಾರೆ. ಆಮೇಲೆ ಬೆಲ್ಟ್ ಬಿಚ್ಚಿ. ಹಿಂದಿನಿಂದ ಎರಡೂ ಕಂಕುಳಲ್ಲಿ ಕೈ ತೂರಿಸಿ, ಗಾಯಾಳುವಿನ ಒಂದು ಮುಂಗೈಯನ್ನು ಎದೆಗೆ ಅಡ್ಡಲಾಗಿ ಹಿಡಿದು, ಅವರ ಬೆನ್ನು ನಿಮ್ಮ ಎದೆಗೆ ಒರಗುವಂತೆ ಮಾಡಿ ಹಿಂದಕ್ಕೆ ಹೆಜ್ಜೆ ಇಡಿ. ಇನ್ನೊಬ್ಬರು ಕಾಲು ಹಿಡಿಯಲಿ, ಮತ್ತೊಬ್ಬರು ತಲೆ. "ಒಂದು, ಎರಡು, ಮೂರು" ಎನ್ನುವವರು ತಲೆ ಹಿಡಿದವರೇ ಆಗಿರಬೇಕು.

ಕಾರು ತಲೆಕೆಳಗಾಗಿ ಬಿದ್ದಿದ್ದರೆ ಬೆಲ್ಟ್ ಕತ್ತರಿಸುವ ಮುನ್ನ ಯೋಚಿಸಿ. ತೂಗುತ್ತಿರುವ ವ್ಯಕ್ತಿ ಬೀಳುವುದು ತಲೆಯ ಮೇಲೆ, ಅಂದರೆ ಕತ್ತಿನ ಮೇಲೆ. ಭುಜ ಮತ್ತು ಸೊಂಟಕ್ಕೆ ಆಸರೆ ಕೊಡಲು ಇಬ್ಬರು ಸಿಕ್ಕ ಮೇಲಷ್ಟೇ ಕತ್ತರಿ ಹಾಕಿ. ಮಕ್ಕಳ ಸೀಟಿನಲ್ಲಿ ಕಟ್ಟಿರುವ ಮಗು ಚೆನ್ನಾಗಿ ಉಸಿರಾಡುತ್ತಿದ್ದರೆ ಸೀಟಿನಲ್ಲೇ ಇರಲಿ.

ಉಸಿರಿದೆಯೇ ಎಂದು ನೋಡಲು 10 ಸೆಕೆಂಡು ಮೀರಬೇಡಿ. ನಿಮಿಷಕ್ಕೆ ಒಂದೆರಡು ಸಲ ಬಾಯಿ ತೆರೆದು ಏದುವುದು ಉಸಿರಲ್ಲ. ಉಸಿರಿಲ್ಲದಿದ್ದರೆ, ಬೇರೆ ಕೆಂಪು ಗಾಯಾಳು ಕಾಯುತ್ತಿಲ್ಲದಿದ್ದರೆ, ಗಟ್ಟಿ ನೆಲದ ಮೇಲೆ ಮಲಗಿಸಿ ಸಿಪಿಆರ್ (ಎದೆ ಒತ್ತಿ ಉಸಿರು ಕೊಡುವುದು) ಮಾಡಿ: 5ರಿಂದ 6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120, ಪ್ರತಿ 30 ಒತ್ತಿಗೆ 2 ಉಸಿರು. ಕಾರಿನ ಸೀಟಿನ ಮೇಲೆ ಒತ್ತಿದರೆ ಒತ್ತುವುದು ಸ್ಪಂಜನ್ನು. ಗಾಯದಿಂದ ಹೃದಯ ನಿಂತಾಗ ರಕ್ತ ಸೋರುತ್ತಲೇ ಇದ್ದರೆ ಎದೆ ಒತ್ತಿ ಪ್ರಯೋಜನವಿಲ್ಲ. ಸೋರಿಕೆಯನ್ನು ಜೊತೆಯಲ್ಲೇ ನಿಲ್ಲಿಸಿ.

8. ಆಂಬುಲೆನ್ಸ್ ಬರುವವರೆಗೆ

ನೀರು ಕೊಡಬೇಡಿ, ಸೋಡಾ ಬೇಡ, ಕಾಫಿ ಬೇಡ. "ಗಂಟಲು ಒಣಗಿದೆ ಪಾಪ" ಎಂದು ಕುಡಿಸಿದ ನೀರು ವಾಂತಿಯಾಗಿ ಶ್ವಾಸಕೋಶ ಸೇರುತ್ತದೆ, ಆಪರೇಷನ್ ಹೊತ್ತಿನಲ್ಲಿ ಅರಿವಳಿಕೆಗೂ ತೊಡಕು. ತುಟಿ ಒದ್ದೆ ಮಾಡಿದರೆ ಸಾಕು. ಸುಟ್ಟ ಗಾಯಕ್ಕೆ ಮಾತ್ರ ನೀರು ಧಾರಾಳ: 20 ನಿಮಿಷ ಹರಿಯಬಿಡಿ. ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು ಬೇಡ. ತಲೆಗೆ ಪೆಟ್ಟು ಬೀಳದಂತೆ ಬಟ್ಟೆ ಇಟ್ಟು, ನಿಂತ ಮೇಲೆ ಮೈಯನ್ನು ಒಟ್ಟಾಗಿ ಪಕ್ಕಕ್ಕೆ ಹೊರಳಿಸಿ.

ಬೆಚ್ಚಗಿಡಿ. ಏಪ್ರಿಲ್ ಬಿಸಿಲಿನ ರಾಯಚೂರಿನಲ್ಲೂ ರಕ್ತ ಹೋದವರ ಮೈ ತಣ್ಣಗಾಗುತ್ತದೆ. ಮೈ ತಣಿದಷ್ಟೂ ರಕ್ತ ಹೆಪ್ಪುಗಟ್ಟುವುದು ನಿಧಾನ. ಒದ್ದೆ ಬಟ್ಟೆ ತೆಗೆದು ಕಂಬಳಿ ಹೊದಿಸಿ, ಅಡಿಗೂ ಒಂದು ಹಾಸಿ. ಗರ್ಭಿಣಿಯಾದರೆ ಬಲಸೊಂಟದ ಕೆಳಗೆ ಬಟ್ಟೆ ಸುರುಳಿ ಇಟ್ಟು ಎಡಕ್ಕೆ ಸ್ವಲ್ಪ ವಾಲಿಸಿ. ಹೊಟ್ಟೆಯ ಮೇಲೆ ಸೀಟ್ ಬೆಲ್ಟಿನ ಬರೆ ಇದ್ದರೆ ಒಳಗೆ ಕರುಳಿಗೆ ಪೆಟ್ಟಾಗಿರಬಹುದು. ಗಾಯಾಳು "ನಾನು ಆರಾಮಿದ್ದೀನಿ" ಎಂದರೂ ಮನೆಗೆ ಕಳಿಸಬೇಡಿ. ಕೆಂಪಿನವರನ್ನು 5 ನಿಮಿಷಕ್ಕೊಮ್ಮೆ ಮತ್ತೆ ನೋಡಿ. ನಾಡಿ, ಉಸಿರು, ಎಚ್ಚರ, ಹೊತ್ತು ಬರೆದಿಡಿ. ಹಸಿರಿನವರನ್ನೂ ಮರೆಯಬೇಡಿ, ಮರದಡಿ ಕೂತವರು ಅರ್ಧ ಗಂಟೆಯಲ್ಲಿ ಹಳದಿಯಾಗಬಹುದು.

ಒಡವೆ, ಪರ್ಸು, ಫೋನನ್ನು ನೀವು ಇಟ್ಟುಕೊಳ್ಳಬೇಡಿ. ಬಳೆ ಉಂಗುರ ತೆಗೆಯಲೇಬೇಕಾದರೆ ಇಬ್ಬರ ಎದುರು ತೆಗೆದು, ಕವರಿಗೆ ಹಾಕಿ, ಪೊಲೀಸರಿಗೆ ಎಣಿಸಿ ಕೊಡಿ. ಫೋಟೊ ವಿಡಿಯೊ ತೆಗೆಯುವವರನ್ನು ಗದರಿ ಫಲವಿಲ್ಲ. ಸೀರೆಯನ್ನೋ ಬೆಡ್‌ಶೀಟನ್ನೋ ಮರೆಯಾಗಿ ಹಿಡಿಯಲು ಅವರಿಗೇ ಹೇಳಿ.

ಆಂಬುಲೆನ್ಸ್ ಬರಲು ತೀರಾ ತಡ ಎಂದು 108ರವರೇ ಹೇಳಿದರೆ ಮಾತ್ರ ಬೇರೆ ಗಾಡಿ. ಪ್ಯಾಸೆಂಜರ್ ಆಟೊದಲ್ಲಿ ಮಡಚಿ ಕೂರಿಸುವುದಕ್ಕಿಂತ ಪಿಕಪ್ ವ್ಯಾನಿನಲ್ಲಿ ಹಾಸಿಗೆ ಹಾಸಿ ನೀಟಾಗಿ ಮಲಗಿಸುವುದು ಮೇಲು. ಗಾಯ ಒತ್ತಿಕೊಂಡು ನೀವೂ ಹತ್ತಿ. ಹೊರಡುವ ಮುನ್ನ ಆಸ್ಪತ್ರೆಗೆ ಫೋನ್ ಮಾಡಿಸಿ. "ಪೊಲೀಸ್ ಬರ್ಲಿ, ದುಡ್ಡು ಕಟ್ಟಿ" ಎಂದು ತುರ್ತು ಚಿಕಿತ್ಸೆ ನಿಲ್ಲಿಸುವಂತಿಲ್ಲ; ಸುಪ್ರೀಂ ಕೋರ್ಟ್ 1989ರಲ್ಲೇ ಇದನ್ನು ಹೇಳಿದೆ. 2025ರಲ್ಲಿ ಜಾರಿಗೆ ಬಂದ ಕೇಂದ್ರದ ನಗದುರಹಿತ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ 7 ದಿನದವರೆಗೆ 1.5 ಲಕ್ಷ ರೂಪಾಯಿ ಮಿತಿಯ ಚಿಕಿತ್ಸೆ ಇದೆ. ಮನೆಯವರಿಗೆ ಇದನ್ನು ತಿಳಿಸಿ.

9. ಒಪ್ಪಿಸುವುದು

ಶುರು ಮಾಡಿದ ಮೇಲೆ ನಿಮ್ಮಷ್ಟೇ ಅಥವಾ ನಿಮಗಿಂತ ಹೆಚ್ಚು ತಿಳಿದವರ ಕೈಗೆ ಒಪ್ಪಿಸದೆ ಹೊರಡಬೇಡಿ. ಆಂಬುಲೆನ್ಸಿನ ಇಎಂಟಿ ಬಂದ ಕ್ಷಣದಿಂದ ಯಜಮಾನಿಕೆ ಅವರದು. ಅರ್ಧ ನಿಮಿಷದಲ್ಲಿ ಹೀಗೆ ಹೇಳಿ:

"ಸುಮಾರು 35 ವರ್ಷದ ಗಂಡಸು. ಸಂಜೆ 6.40ಕ್ಕೆ ಕಾರು ಲಾರಿಗೆ ಹಿಂದಿನಿಂದ ಗುದ್ದಿದೆ, ಬೆಲ್ಟ್ ಹಾಕಿದ್ರು. ಎಡತೊಡೆ ಗಾಯ, ರಕ್ತ ಚಿಮ್ಮುತ್ತಿತ್ತು. ಹೊಟ್ಟೆ ಮೇಲೆ ಬೆಲ್ಟಿನ ಬರೆ. ಈಗ ನಾಡಿ 124, ಉಸಿರು 26, ಕರೆದ್ರೆ ಓಗೊಡ್ತಾರೆ. ಟೂರ್ನಿಕೆ 6.52ಕ್ಕೆ. ಏನೂ ಕುಡಿಸಿಲ್ಲ."

ವಯಸ್ಸು, ಹೊತ್ತು, ಹೇಗಾಯಿತು, ಗಾಯ, ಲಕ್ಷಣ, ಮಾಡಿದ ಉಪಚಾರ. ಇದೇ ಕ್ರಮ. ಅವರು ನಿಮ್ಮ ಬ್ಯಾಂಡೇಜು ಬಿಚ್ಚಿ ಬೇರೆ ಕಟ್ಟಿದರೆ ವಾದಿಸಬೇಡಿ. ಟೂರ್ನಿಕೆಯ ಹೊತ್ತು ಮಾತ್ರ ಅವರ ಕಿವಿಗೆ ಬಿದ್ದಿದೆಯೇ ಖಚಿತಪಡಿಸಿಕೊಳ್ಳಿ.

10. ಮನೆಗೆ ಬಂದ ಮೇಲೆ

ಕೈಗವಸನ್ನು ಒಳಮೈ ಹೊರಗಾಗುವಂತೆ ಕಳಚಿ, ಕೈಯನ್ನು ಸೋಪು ನೀರಿನಲ್ಲಿ ತೊಳೆಯಿರಿ. ಗಾಯವಿಲ್ಲದ ಚರ್ಮದ ಮೇಲೆ ಬಿದ್ದ ರಕ್ತದಿಂದ ಎಚ್‌ಐವಿ ಅಂಟುವುದಿಲ್ಲ. ಆದರೆ ಒಡೆದ ಗಾಜು ನಿಮ್ಮ ಕೈ ಕೊಯ್ದಿದ್ದರೆ, ರಕ್ತ ಕಣ್ಣಿಗೆ ಬಾಯಿಗೆ ಸಿಡಿದಿದ್ದರೆ, ಗಾಯವನ್ನು ಹಿಂಡದೆ ತೊಳೆದು, ಕಣ್ಣಾದರೆ ನೀರು ಹಾಯಿಸಿ, ನೇರ ಜಿಲ್ಲಾಸ್ಪತ್ರೆಗೆ ಹೋಗಿ. ಎಚ್‌ಐವಿ ತಡೆಮಾತ್ರೆಯನ್ನು 2 ಗಂಟೆಯೊಳಗೆ ಶುರು ಮಾಡಿದರೆ ಉತ್ತಮ. 72 ಗಂಟೆ ಮೀರಿದರೆ ಪ್ರಯೋಜನವಿಲ್ಲ. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸು ನಿಮಗೆ ಆಗಿದೆಯೇ ಎಂದು ಅಪಘಾತವಾದ ಮೇಲೆ ಹುಡುಕುವುದಲ್ಲ, ಇವತ್ತೇ ನೋಡಿ.

ನಿದ್ದೆ ಬಾರದಿರುವುದು, ಅದೇ ದೃಶ್ಯ ಕಣ್ಣಮುಂದೆ ಬರುವುದು ಮೊದಲ ಕೆಲವು ದಿನ ಸಹಜ. ಎರಡು ವಾರವಾದರೂ ಬಿಡದಿದ್ದರೆ ನಿಮ್ಮ ಟ್ರೈನಿಂಗ್ ಮೇಷ್ಟ್ರ ಹತ್ತಿರ ಮಾತಾಡಿ, ಇಲ್ಲವೇ 14416ಕ್ಕೆ ಕರೆ ಮಾಡಿ. ಟೆಲಿಮನಸ್ ಎಂಬ ಸರ್ಕಾರಿ ಸಹಾಯವಾಣಿ ಅದು, ಕನ್ನಡದಲ್ಲೇ ಮಾತಾಡಬಹುದು. ಮತ್ತೆ ಗಾಡಿ ತೆಗೆಯುವ ಮುನ್ನ ಡಬ್ಬಿ ತೆರೆದು ನೋಡಿ: ಗಾಜ್ ಎಷ್ಟು ಸುತ್ತು ಉಳಿದಿದೆ, ಟೂರ್ನಿಕೆ ಹೊಸದು ಬಂತೇ, ಟಾರ್ಚಿನ ಸೆಲ್ ಇದೆಯೇ.